ಮಗನ ಊರಿನಲ್ಲಿ ನಿವೃತ್ತಿ

ನನ್ನ ಜನ್ಮದಿನಾಂಕವನ್ನು ನಿಶ್ಚಯಿಸಿದವರು ನವಲಗುಂದ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಶಾಲೆಯ ಹೆಡ್‌ಮಾಸ್ತರರು. ನನ್ನನ್ನು ಶಾಲೆಗೆ ಸೇರಿಸಲು ಹೋದ ಅಪ್ಪ, "ಮುಂಗಾರಿನಾಗ ಹುಟ್ಟ್ಯಾನ್ರಿ" ಎಂದಷ್ಟೇ ಹೇಳಿದನಂತೆ. ಮಾಸ್ತರರು ನನ್ನ ಮೈಕಟ್ಟು ನೋಡಿ, ಹಲ್ಲು ನೋಡಿ, 1953ರ ಜೂನ್ 1 ಎಂದು ಬರೆದುಬಿಟ್ಟರು. ನಮ್ಮ ತಲೆಮಾರಿನ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಈ ಒಂದು ಸಾಲು ಮುಂದೆ ನನ್ನನ್ನು ಎಲ್ಲೆಲ್ಲಿಯವರೆಗೆ ಹಿಂಬಾಲಿಸಿಕೊಂಡು ಬಂದಿತೆಂಬುದನ್ನು ನೆನೆದರೆ ನಗು ಬರುತ್ತದೆ. ತಿಂಗಳಿನ ಮೊದಲ ದಿನ ಹುಟ್ಟಿದ ಕೇಂದ್ರ ಸರಕಾರಿ ನೌಕರನು ಹಿಂದಿನ ತಿಂಗಳಿನ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮವಿದೆ. ಅದರಂತೆ ನಾನು 2013ರ ಮೇ 31ರಂದು ಅಂಚೆ ಇಲಾಖೆಯ ಸೇವೆಯಿಂದ ನಿವೃತ್ತನಾದೆ.

ನಿವೃತ್ತಿಯ ನಂತರದ ಜೀವನವನ್ನು ಧಾರವಾಡದ ನಮ್ಮ ಮನೆಯಲ್ಲಿಯೇ ಕಳೆಯಬೇಕೆಂಬುದು ನನ್ನ ಯೋಜನೆಯಾಗಿತ್ತು. ಬೆಳಿಗ್ಗೆ ತಿರುಗಾಟ, ಮಧ್ಯಾಹ್ನ ಪುಸ್ತಕ, ವಾರಕ್ಕೊಮ್ಮೆ ಹಳ್ಳಿಗೆ ಹೋಗಿ ಅಣ್ಣನೊಡನೆ ಹೊಲದ ಬದುವಿನ ಮೇಲೆ ಕುಳಿತು ಬರುವುದು. ನಾಲ್ಕಾರು ವರ್ಷ ಹಾಗೆಯೇ ನಡೆಯಿತು. ಆದರೆ ನಮಗಿರುವವನು ಒಬ್ಬನೇ ಮಗ. ಅವನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನಲ್ಲಿ ಮನೆ ಮಾಡಿ ಅಮೆರಿಕೆಯ ನಾಗರಿಕನೂ ಆದ. ಮೊಮ್ಮಗಳು ಹುಟ್ಟಿದಳು. ನನ್ನ ಹೆಂಡತಿಗೆ ಮೊಣಕಾಲು ನೋವು ಹೆಚ್ಚಿತು. "ಯಾರಿಗಾಗಿ ಈ ಮನಿ ಕಾಯಕೋತ ಕುಂದರೂದ್ರೀ?" ಎಂದು ಆಕೆ ಒಂದು ದಿನ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಈಗ ಇದೇ ಪ್ರಶ್ನೆ ಎದುರಾಗಿರುವುದನ್ನು ಬಲ್ಲೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನಿವೇದಿಸುತ್ತಿದ್ದೇನೆ.

ಅಮೆರಿಕೆಯ ನಾಗರಿಕನಾದ, ಇಪ್ಪತ್ತೊಂದು ವರ್ಷ ತುಂಬಿದ ಮಗ ಅಥವಾ ಮಗಳು ತಂದೆತಾಯಿಗಳ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಣ್ಣತಮ್ಮಂದಿರಿಗಾದರೆ ದಶಕಗಟ್ಟಲೆ ಕಾಯಬೇಕು. ತಂದೆತಾಯಿಗಳಿಗೆ ವಾರ್ಷಿಕ ಮಿತಿಯಿಲ್ಲ. ಮಗ 2017ರಲ್ಲಿ ಅರ್ಜಿ ಸಲ್ಲಿಸಿದ. ನಮ್ಮನ್ನು ಪೋಷಿಸುವೆನೆಂದು ತನ್ನ ವರಮಾನದ ಲೆಕ್ಕ ತೋರಿಸಿ ಮುಚ್ಚಳಿಕೆಯನ್ನೂ ಬರೆದುಕೊಟ್ಟ. ಇದು ಕೇವಲ ಮರ್ಯಾದೆಯ ಮಾತಲ್ಲ, ಕಾನೂನಿನ ಕಟ್ಟು. ಮಗನ ಕೈಯಿಂದ ಅಂತಹ ಕಾಗದ ಬರೆಸಿಕೊಳ್ಳುವಾಗ ನನಗೆ ಒಳಗೊಳಗೆ ಸಂಕೋಚವಾಯಿತು. ನಾವು ನಮ್ಮ ತಂದೆತಾಯಿಗಳನ್ನು ಯಾವ ಮುಚ್ಚಳಿಕೆಯೂ ಇಲ್ಲದೆ ಸಾಕಿದವರು.

ನಿಜವಾದ ಪರೀಕ್ಷೆ ಆರಂಭವಾದದ್ದು ಕಾಗದಪತ್ರಗಳನ್ನು ಕೂಡಿಸುವಾಗ. ನನ್ನ ಜನನ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಹಾಗೆ ನೋಂದಣಿ ಇಲ್ಲವೆಂಬುದಕ್ಕೆ ಒಂದು ಪ್ರಮಾಣಪತ್ರ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ಟು ಬೇಕಾದವು. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ನವಲಗುಂದಕ್ಕೆ ಬಂದು ಛಾಪಾ ಕಾಗದದ ಮೇಲೆ ಸಹಿ ಮಾಡಿದ. "ನೀ ಹುಟ್ಟಿದ್ದಕ್ಕ ನಾನ ಸಾಕ್ಷಿ ನೋಡಪಾ" ಎಂದು ನಕ್ಕ. ಹೆಂಡತಿಯದು ಇನ್ನೂ ತೊಡಕು. ನಮ್ಮ ಕಡೆಯ ರೂಢಿಯಂತೆ ಆಕೆಯ ತವರಿನ ಹೆಸರು ಒಂದು, ಮದುವೆಯಲ್ಲಿ ನಾವು ಇಟ್ಟ ಹೆಸರು ಇನ್ನೊಂದು. ಶಾಲೆಯ ದಾಖಲೆಯಲ್ಲಿ ಮೊದಲಿನದು, ಮಗನ ಜನನಪತ್ರದಲ್ಲಿ ಎರಡನೆಯದು, ಪಾಸ್‌ಪೋರ್ಟಿನಲ್ಲಿ ಎರಡೂ ಸೇರಿದ ಮೂರನೆಯದು. ಇಬ್ಬರೂ ಒಬ್ಬಳೇ ಎಂದು ಸಾಧಿಸಲು ಎರಡು ತಿಂಗಳು ಓಡಾಡಿದೆವು. ಇನ್ನು 1978ರಲ್ಲಿ ಊರೆಲ್ಲ ಉಂಡು ಹೋದ ನಮ್ಮ ಮದುವೆಯನ್ನು 2018ರಲ್ಲಿ ಉಪನೋಂದಣಾಧಿಕಾರಿಗಳ ಮುಂದೆ ನಿಂತು ನೋಂದಾಯಿಸಿದೆವು. ಲಗ್ನಪತ್ರಿಕೆ ಇದೆಯೇ ಎಂದು ಗುಮಾಸ್ತರು ಕೇಳಿದರು. ನಲವತ್ತು ವರ್ಷದ ಹಿಂದಿನ ಲಗ್ನಪತ್ರಿಕೆಯನ್ನು ಟ್ರಂಕಿನ ತಳದಿಂದ ತೆಗೆದುಕೊಟ್ಟವಳು ನನ್ನ ಹೆಂಡತಿ. ಅದನ್ನು ಆಕೆ ಜೋಪಾನ ಮಾಡಿಟ್ಟಿದ್ದಳೆಂಬುದು ಅಂದಿನವರೆಗೂ ನನಗೆ ತಿಳಿದಿರಲಿಲ್ಲ.

ಇದನ್ನು ಓದುತ್ತಿರುವ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ಕರೆಯಲಿ ಬಿಡಲಿ, ಹೆಸರಿನ ಅಕ್ಷರಗಳು ಎಲ್ಲ ದಾಖಲೆಗಳಲ್ಲಿ ಒಂದೇ ಇರುವಂತೆ ಈಗಲೇ ನೋಡಿಕೊಳ್ಳಿರಿ.

ಮುಂಬಯಿಯಲ್ಲಿ ವೈದ್ಯಕೀಯ ತಪಾಸಣೆ, ಸಂದರ್ಶನ ಮುಗಿದು 2019ರ ಅಕ್ಟೋಬರಿನಲ್ಲಿ ನಾವು ಫ್ರೀಮಾಂಟಿಗೆ ಬಂದಿಳಿದೆವು.

ಊರು ಚೆನ್ನಾಗಿದೆ. ಮೂಡಣಕ್ಕೆ ಬೆಟ್ಟಗಳ ಸಾಲು. ಬೇಸಿಗೆಯಲ್ಲಿ ಅವು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಮ್ಮ ನರಗುಂದದ ಗುಡ್ಡ ನೆನಪಾಗುತ್ತದೆ. ಜೋಳದ ಹಿಟ್ಟು ಸಿಗುತ್ತದೆ. ಕೊರತೆಯೆಂದರೆ ಒಂದೇ: ಬೀದಿಯಲ್ಲಿ ಮನುಷ್ಯರಿಲ್ಲ. ಎಲ್ಲರೂ ಕಾರಿನೊಳಗಿದ್ದಾರೆ. ಕಾಯಿಪಲ್ಯೆ ತರಲು ಎರಡು ಮೈಲಿ, ದವಾಖಾನೆಗೆ ಐದು ಮೈಲಿ. ಧಾರವಾಡದಲ್ಲಿ ಇಪ್ಪತ್ತು ವರ್ಷ ಚೇತಕ್ ಸ್ಕೂಟರ್, ಆಮೇಲೆ ಮಾರುತಿ 800 ಓಡಿಸಿದ ನಾನು ಇಲ್ಲಿ ಮಗ ಶನಿವಾರ ಬಿಡುವಾಗುವವರೆಗೆ ಮಜ್ಜಿಗೆಗೂ ಕಾಯುವವನಾದೆ. "ಕಾಲಿದ್ದೂ ಕುಂಟರಾದ್ವಿ ನೋಡ್ರಿ" ಎಂದಳು ಹೆಂಡತಿ.

ಬಂದು ಆರು ತಿಂಗಳಾಗುವಷ್ಟರಲ್ಲಿ ಕೊರೋನಾ ವ್ಯಾಧಿ ಜಗತ್ತನ್ನೇ ಮುಚ್ಚಿತು. 2021ರ ಮೇ ತಿಂಗಳಿನಲ್ಲಿ, ನಮ್ಮ ನಾಡಿನಲ್ಲಿ ಎರಡನೆಯ ಅಲೆ ಎದ್ದಾಗ, ಅಣ್ಣ ತೀರಿಕೊಂಡ. ಹೊಲದ ಈಶಾನ್ಯ ಮೂಲೆಯಲ್ಲಿ, ಅಪ್ಪ ಅವ್ವರ ಸಮಾಧಿಗಳ ಪಕ್ಕದಲ್ಲಿ ಅವನನ್ನು ಇಟ್ಟರು. ನಾಲ್ಕೈದು ಜನರಿದ್ದರು. ನಾನು ಇಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಮಗನ ಫೋನಿನ ಪುಟ್ಟ ಪರದೆಯಲ್ಲಿ ಅದನ್ನು ನೋಡಿದೆ. ಮಧ್ಯೆ ಎರಡು ಸಲ ಚಿತ್ರ ನಿಂತುಹೋಯಿತು. ನಾನು ಹುಟ್ಟಿದ್ದಕ್ಕೆ ಸಾಕ್ಷಿ ಹೇಳಿದವನನ್ನು ಮಣ್ಣಿಗೆ ಕೊಡುವಾಗ ಒಂದು ಹಿಡಿ ಮಣ್ಣು ಹಾಕಲು ನಾನು ಇರಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಂದು ಘಟನೆ. ಮಗ ಕಚೇರಿಯ ಕೆಲಸದ ಮೇಲೆ ಟೆಕ್ಸಾಸಿಗೆ ಹೋಗಿದ್ದ. ಸೊಸೆ ದೂರದ ಊರಿನಲ್ಲಿ ಕೆಲಸದಲ್ಲಿದ್ದಳು. ಬೆಳಗಿನ ಹತ್ತು ಗಂಟೆಗೆ ಹೆಂಡತಿಗೆ ತಲೆ ಸುತ್ತಿ, ವಾಂತಿಯಾಗಿ, ಆಕೆ ನೆಲಕ್ಕೆ ಕುಳಿತುಬಿಟ್ಟಳು. ಮನೆಯ ಗ್ಯಾರೇಜಿನಲ್ಲಿ ಮಗನ ಕಾರು ನಿಂತಿತ್ತು, ಅದರ ಕೀಲಿಕೈ ಗೋಡೆಯ ಮೊಳೆಗೆ ತೂಗುತ್ತಿತ್ತು. ನನ್ನ ಕಿಸೆಯಲ್ಲಿ ಭಾರತದ ಲೈಸೆನ್ಸೂ ಇತ್ತು. ಆದರೆ ಪ್ರವಾಸಕ್ಕೆ ಬಂದವರು ತಮ್ಮ ದೇಶದ ಲೈಸೆನ್ಸಿನ ಮೇಲೆ ಓಡಿಸಬಹುದೇ ಹೊರತು, ಕ್ಯಾಲಿಫೋರ್ನಿಯಾದಲ್ಲಿ ವಾಸಕ್ಕೆಂದು ಬಂದವರು ಹತ್ತು ದಿನಗಳೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಾನು ಬಂದು ಎರಡು ವರ್ಷ ಸಮೀಪಿಸಿತ್ತು. ಪಕ್ಕದ ಮನೆಯ ಚೀನೀ ಗೃಹಿಣಿಯ ಬಾಗಿಲು ಬಡಿದೆ. ಆಕೆ ಒಲೆಯ ಮೇಲಿನದನ್ನು ಹಾಗೆಯೇ ಆರಿಸಿ ಬಂದು ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದಳು. ರಕ್ತದೊತ್ತಡದ ಏರುಪೇರು, ಸಂಜೆಗೆ ಬಿಟ್ಟು ಕಳಿಸಿದರು. ಆದರೆ ಆ ಕೀಲಿಕೈ ತೂಗುತ್ತಿದ್ದುದು ನನ್ನ ಕಣ್ಣಿನಿಂದ ಹೋಗಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದೆ.

ಮೊದಲು ಲಿಖಿತ ಪರೀಕ್ಷೆ. ಮೂವತ್ತಾರು ಪ್ರಶ್ನೆಗಳಲ್ಲಿ ಮೂವತ್ತು ಸರಿಯಾಗಬೇಕು. ಚಾಲಕರ ಕೈಪಿಡಿಯನ್ನು ಇಲಾಖಾ ಪರೀಕ್ಷೆಗೆ ಓದಿದಂತೆ ಟಿಪ್ಪಣಿ ಮಾಡಿಕೊಂಡು ಓದಿದೆ. ಅದರಲ್ಲಿನ ಕೆಲವು ಸಂಗತಿಗಳು ನನ್ನನ್ನು ಬೆರಗುಗೊಳಿಸಿದವು. ನಾಲ್ಕೂ ಕಡೆ ನಿಲುಗಡೆಯ ಫಲಕವಿರುವ ಚೌಕದಲ್ಲಿ ಮೊದಲು ಬಂದು ನಿಂತವನು ಮೊದಲು ಹೋಗಬೇಕು. ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆಯವನಿಗೆ ದಾರಿ. ಪೋಲೀಸರಿಲ್ಲ, ದೀಪವಿಲ್ಲ, ಹಾರ್ನಿಲ್ಲ. ಆದರೂ ಜನ ಪಾಲಿಸುತ್ತಾರೆ. ಶಾಲೆಯ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ವಿಭಜಕವಿಲ್ಲದ ಇಬ್ಬದಿಯ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು, ಮಕ್ಕಳು ದಾಟಿ ದೀಪ ಆರುವವರೆಗೆ. ತಪ್ಪಿದರೆ ದಂಡ ಸಾವಿರ ಡಾಲರಿನವರೆಗೆ ಹೋಗಬಹುದು. ಈ ಒಂದು ನಿಯಮಕ್ಕಾಗಿಯೇ ಆ ಜನಕ್ಕೆ ಕೈ ಮುಗಿಯಬೇಕೆನಿಸಿತು. ಮೂವತ್ಮೂರು ಉತ್ತರ ಸರಿಯಾದವು.

ಓಡಿಸುವುದನ್ನು ಕಲಿಸಲು ಪಂಜಾಬಿನಿಂದ ಬಂದು ನೆಲೆಸಿದ ಒಬ್ಬ ಸರ್ದಾರರು ಸಿಕ್ಕರು. ಮೊದಲ ದಿನ ನಾನು ವಾಡಿಕೆಯಂತೆ ಬಲಗಡೆಯ ಬಾಗಿಲು ತೆರೆದು ಕುಳಿತೆ. ಎದುರಿಗೆ ಸ್ಟೇರಿಂಗ್ ಇರಲಿಲ್ಲ. ಅವರು ನಗದೆ, ದಿನಾಲೂ ನೋಡುವವರಂತೆ, ಎಡಗಡೆಗೆ ಬನ್ನಿರೆಂದು ಸನ್ನೆ ಮಾಡಿದರು. ಎಡದ ರಸ್ತೆಯಿಂದ ಬಲದ ರಸ್ತೆಗೆ ಕೈ ಹೊಂದಿಕೊಳ್ಳಲು ಒಂದು ವಾರ ಸಾಕಾಯಿತು. ಕಷ್ಟವಾದದ್ದು ಬೇರೆ. ಪಥ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಹೆಗಲಿನ ಮೇಲಿಂದ ಹಿಂದೆ ನೋಡಬೇಕು. ಧಾರವಾಡದಲ್ಲಿ ನಾನು ಪಕ್ಕದ ಕನ್ನಡಿಯನ್ನು ಯಾರಾದರೂ ಬಡಿದಾರೆಂದು ಒಳಕ್ಕೆ ಮಡಚಿಯೇ ಇಡುತ್ತಿದ್ದೆ. ಹಿಂದಿನವನು ತಾನಾಗಿ ಹಾರ್ನ್ ಮಾಡಿ ತಿಳಿಸುತ್ತಾನೆಂಬ ಭರವಸೆ. ಇಲ್ಲಿ ಹಾರ್ನ್ ಮಾಡುವುದೆಂದರೆ ಬೈದಂತೆ. ನನ್ನ ಕತ್ತೋ ಮೂವತ್ತು ವರ್ಷ ಅಂಚೆಯ ಲೆಡ್ಜರುಗಳ ಮೇಲೆ ಬಾಗಿ ಬಿಗಿದುಹೋಗಿತ್ತು. ದಿನಾ ಬೆಳಿಗ್ಗೆ ಬಿಸಿನೀರಿನ ಶಾಖ ಕೊಟ್ಟು ಅದನ್ನು ಪಳಗಿಸಿದೆ.

ಮೊದಲ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದೆ. ಪರೀಕ್ಷಕಿ ಮೊದಲು ಗಾಡಿಯ ದೀಪ, ಬ್ರೇಕು ನೋಡಿ, ಹಾರ್ನ್ ಒತ್ತಿ ತೋರಿಸಲು ಹೇಳಿದರು. ಆ ದೇಶದಲ್ಲಿ ನಾನು ಹಾರ್ನ್ ಒತ್ತಿದ್ದು ಅದೇ ಮೊದಲು. ಕೈಸನ್ನೆಗಳನ್ನು ಎಡಗೈಯಿಂದ ತೋರಿಸಿದೆ. ಹತ್ತು ನಿಮಿಷ ಎಲ್ಲ ಸರಿಯಿತ್ತು. ಒಂದು ನಿರ್ಜನ ಚೌಕದಲ್ಲಿ ನಿಲುಗಡೆಯ ಫಲಕದ ಬಳಿ ವೇಗ ತಗ್ಗಿಸಿ, ನಾಲ್ಕೂ ಕಡೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಮುಂದೆ ಸಾಗಿದೆ. ಚಕ್ರ ಪೂರ್ಣ ನಿಂತಿರಲಿಲ್ಲ. ಸಣ್ಣ ತಪ್ಪುಗಳು ಹದಿನೈದರವರೆಗೆ ಕ್ಷಮ್ಯ. ಇಂತಹುದು ಒಂದಾದರೂ ಮುಗಿಯಿತು. "ಯಾರೂ ಇರಲಿಲ್ಲವಲ್ಲ" ಎಂದೆ. ಯಾರೂ ಇಲ್ಲದಾಗಲೂ ನಿಲ್ಲುತ್ತೀರೋ ಇಲ್ಲವೋ ಎಂಬುದನ್ನೇ ನೋಡುವುದೆಂದು ಆಕೆ ಶಾಂತವಾಗಿ ಹೇಳಿ ಕಾಗದ ಕೊಟ್ಟರು. ಮನೆಗೆ ಬರುವಾಗ ನನಗೆ ನಾಚಿಕೆಯಾಯಿತು. ಮೊಮ್ಮಗಳು ಮಾತ್ರ, "ಅಜ್ಜಾ, ನಾಪಾಸಾದಿಯಾ? ಮತ್ತ ಕೂತ್ಕೋ" ಎಂದು ಧೈರ್ಯ ಹೇಳಿದಳು. 2022ರ ವಸಂತದಲ್ಲಿ, ಎರಡನೆಯ ಪ್ರಯತ್ನಕ್ಕೆ ಲೈಸೆನ್ಸು ಕೈಗೆ ಬಂತು. ಅಲ್ಲಿನ ಲೈಸೆನ್ಸಿನ ಅವಧಿ ಮುಗಿಯುವುದು ಜನ್ಮದಿನದಂದು. ಜೂನ್ 1 ಎಂದು ಅದರ ಮೇಲೂ ಮುದ್ರಿತವಾಗಿದೆ. ಹೆಡ್‌ಮಾಸ್ತರರ ಕೈ ಕ್ಯಾಲಿಫೋರ್ನಿಯಾವರೆಗೆ ಚಾಚಿತು.

ಎಪ್ಪತ್ತು ದಾಟಿದವರು ನವೀಕರಣಕ್ಕೆ ಖುದ್ದಾಗಿ ಕಚೇರಿಗೆ ಹೋಗಿ ಕಣ್ಣಿನ ಪರೀಕ್ಷೆ ಕೊಡಬೇಕು. 2024ರ ಅಕ್ಟೋಬರಿನಿಂದ, ಚಾಲನೆಯ ದಾಖಲೆ ಶುದ್ಧವಾಗಿದ್ದರೆ, ಲಿಖಿತ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿದೆ. ಈಗ ಹೆಂಡತಿಯನ್ನು ವೈದ್ಯರ ಬಳಿಗೆ, ಮೊಮ್ಮಗಳನ್ನು ಶಾಲೆಗೆ ನಾನೇ ಒಯ್ಯುತ್ತೇನೆ. ರಾತ್ರಿ ಓಡಿಸುವುದಿಲ್ಲ, ಹೆದ್ದಾರಿಗೆ ಏರುವುದಿಲ್ಲ. ಅದು ನಾನೇ ಹಾಕಿಕೊಂಡ ನಿಯಮ.

ಹಣದ ವಿಷಯವನ್ನು ಮುಚ್ಚಿಡಬಾರದು. ಅಮೆರಿಕೆಯಲ್ಲಿ ಹಿರಿಯರ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್. ನಮ್ಮಂತೆ ಅಲ್ಲಿ ದುಡಿಯದೆ, ಮುಪ್ಪಿನಲ್ಲಿ ಖಾಯಂ ವಾಸಕ್ಕೆ ಬಂದವರು ಸತತ ಐದು ವರ್ಷ ವಾಸಿಸಿದ ಮೇಲೆ ಮಾತ್ರ ಅದನ್ನು ಕೊಳ್ಳಬಹುದು. ಆವರೆಗೆ ಖಾಸಗಿ ವಿಮೆಯೇ ಗತಿ. 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರು, ವೈದ್ಯರ ಭಾಗಕ್ಕೆ 185 ಡಾಲರು. ಇಬ್ಬರಿಗೆ ಸೇರಿ 1,406 ಡಾಲರು. ಔಷಧಿಯದು ಬೇರೆ. ನನ್ನ ಪಿಂಚಣಿಯನ್ನೆಲ್ಲ ಸುರಿದರೂ ಇದು ತುಂಬದು. ಮಗ ತೆರುತ್ತಾನೆ, ಒಂದು ದಿನವೂ ಆಡಿ ತೋರಿಸಿಲ್ಲ. ಆದರೂ ಆ ಲೆಕ್ಕ ನನಗೆ ಗೊತ್ತಿದೆ. ಅಂಚೆ ಇಲಾಖೆಯವನಿಗೆ ಲೆಕ್ಕ ಮರೆಯಲು ಬರುವುದಿಲ್ಲ.

ಆ ಪಿಂಚಣಿಯೂ ಸುಮ್ಮನೆ ಬರುವುದಿಲ್ಲ. ಪ್ರತಿ ನವೆಂಬರಿನಲ್ಲಿ ನಾನು ಬದುಕಿದ್ದೇನೆಂದು ಪ್ರಮಾಣೀಕರಿಸಬೇಕು. ಮೊದಲೆರಡು ವರ್ಷ ನೋಟರಿಯ ಮುಂದೆ ಸಹಿ ಮಾಡಿ ಅಂಚೆಯಲ್ಲಿ ಕಳಿಸಿದೆ. 2021ರ ನವೆಂಬರಿನಿಂದ ಫೋನಿನಲ್ಲಿ ಮುಖ ತೋರಿಸಿ ಜೀವನ ಪ್ರಮಾಣಪತ್ರ ಪಡೆಯುವ ಸೌಕರ್ಯ ಬಂದಿತು. ಆದರೆ ಬ್ಯಾಂಕು, ತೆರಿಗೆ, ಆಧಾರ್ ಎಲ್ಲವೂ ಒಂದು ಒಟಿಪಿಯನ್ನು ಧಾರವಾಡದ ಹಳೆಯ ನಂಬರಿಗೇ ಕಳಿಸುತ್ತವೆ. ಆ ಸಿಮ್ ಸತ್ತರೆ ನಾನೂ ಸತ್ತಂತೆಯೇ. ಹೊರಡುವ ಮುನ್ನ ಅದಕ್ಕೆ ದೀರ್ಘಾವಧಿಯ ರೀಚಾರ್ಜ್ ಮಾಡಿಸುವುದನ್ನು ಮರೆಯಬೇಡಿರಿ. ಹಾಗೆಯೇ ಪರದೇಶದ ವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕಾದದ್ದು ಕಾನೂನು. ಅನೇಕರು ಇದನ್ನು ಮಾಡುವುದಿಲ್ಲ. ನಾನೂ ಒಂದು ವರ್ಷ ತಡ ಮಾಡಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು. ಖಾಯಂ ವಾಸದ ಕಾರ್ಡು ಪಡೆದವರು ಅಲ್ಲಿಯೇ ವಾಸಿಸಬೇಕು. ಆರು ತಿಂಗಳಿಗೆ ಮೀರಿ ಹೊರಗಿದ್ದರೆ ಮರಳುವಾಗ ಪ್ರಶ್ನೆ ಕೇಳುತ್ತಾರೆ. ವರ್ಷ ಮೀರುವುದಾದರೆ ಅಮೆರಿಕೆ ಬಿಡುವ ಮೊದಲೇ ಮರುಪ್ರವೇಶದ ಪರವಾನಿಗೆಗೆ ಅರ್ಜಿ ಹಾಕಬೇಕು. ಅದೂ ಹೆಚ್ಚೆಂದರೆ ಎರಡು ವರ್ಷಕ್ಕೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರೋಣವೆಂದು ನಾವು ಹೊರಡುವಾಗ ಹಾಕಿಕೊಂಡಿದ್ದ ಲೆಕ್ಕ ಈ ನಿಯಮದ ಮುಂದೆ ಕುಂಟಿತು.

2023ರಲ್ಲಿ ಅಣ್ಣನ ಮಗ ಫೋನು ಮಾಡಿದ. ರಸ್ತೆಗೆ ತಾಗಿದ ನಮ್ಮ ಆರು ಎಕರೆ ಎರೆಹೊಲಕ್ಕೆ ಒಳ್ಳೆಯ ಬೆಲೆ ಬಂದಿದೆ, "ಕಾಕಾ, ನೀವು ಬರೂದು ಬ್ಯಾಡ, ಒಂದು ಮುಖ್ತ್ಯಾರಪತ್ರ ಕಳಸ್ರಿ ಸಾಕು" ಎಂದ. ಅವನು ಕೆಟ್ಟವನಲ್ಲ. ಸಾಲವಿದೆ, ಮಗಳ ಓದಿದೆ. ಪರದೇಶದಲ್ಲಿ ಮಾಡಿದ ಮುಖ್ತ್ಯಾರಪತ್ರವನ್ನು ನೋಟರಿ ಮತ್ತು ಅಪೊಸ್ಟಿಲ್ ಮಾಡಿಸಿ, ಅಥವಾ ನಮ್ಮ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಎಲ್ಲ ಬರೆಸಿ ಸಿದ್ಧ ಮಾಡಿದೆ. ಮಗನೂ ಸಹಿ ಮಾಡಿಬಿಡಿರೆಂದ. ರಾತ್ರಿ ಹೆಂಡತಿ ಕೇಳಿದಳು: "ಆ ಮೂಲ್ಯಾಗ ಮಾವನೋರು, ಅತ್ತಿಯೋರು, ಭಾವನೋರು ಅದಾರ. ಅದನ್ನೂ ಮಾರಾಕ ಬರದೀರೇನು?"

ನಾನು ಬರೆದಿದ್ದೆ. ಸರ್ವೆ ನಂಬರು ಪೂರ್ತಿ ಹಾಕಿದ್ದೆ. ಸಮಾಧಿಗೆ ಬೇರೆ ನಂಬರಿಲ್ಲ.

ಆ ಕಾಗದವನ್ನು ಕಳಿಸಲಿಲ್ಲ. 2024ರ ನವೆಂಬರಿನಲ್ಲಿ ಇಬ್ಬರೂ ಊರಿಗೆ ಬಂದೆವು. ಒಮ್ಮೆ ಕೈಬಿಟ್ಟ ಹೊಲವನ್ನು ಮತ್ತೆ ಕೊಳ್ಳುವಂತಿಲ್ಲ; ಅನಿವಾಸಿಯಾದವನು ಮೊದಲಿನಿಂದ ತನ್ನದಾಗಿದ್ದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಖರೀದಿಸಲು ಬರುವುದಿಲ್ಲ. ತಮ್ಮನ ಸಮಾನನಾದ ಆ ಹುಡುಗನನ್ನು ಬದುವಿನ ಮೇಲೆ ಕೂರಿಸಿಕೊಂಡು ಮಾತನಾಡಿದೆ. ಮೊದಲು ಮುಖ ಗಂಟಿಕ್ಕಿದ. ಮೂಲೆ ಬಿಟ್ಟರೆ ಆಕಾರ ಕೆಡುತ್ತದೆ, ಕೊಳ್ಳುವವರು ಬೆಲೆ ಇಳಿಸುತ್ತಾರೆ ಎಂದ. ಇಳಿದಷ್ಟನ್ನು ನನ್ನ ಪಾಲಿನಿಂದ ಮುರಿದುಕೋ ಎಂದೆ. ಅವನು ಬಹಳ ಹೊತ್ತು ಅವನ ಅಪ್ಪನ ಸಮಾಧಿಯನ್ನು ನೋಡುತ್ತ ಕುಳಿತಿದ್ದು, ಆಗಲೆಂದ. ಭೂಮಾಪಕರು ಬಂದು ಅಳೆದರು, 11ಇ ನಕ್ಷೆ ಆಯಿತು, ಮೂಲೆಯ ಎರಡು ಗುಂಟೆ ನನ್ನ ಹೆಸರಿನಲ್ಲಿ ಉಳಿಯಿತು.

ಆ ಚಳಿಗಾಲದಲ್ಲಿಯೇ ಇನ್ನೊಂದು ತಮಾಷೆ ನಡೆಯಿತು. ನನ್ನ ಭಾರತದ ಲೈಸೆನ್ಸು 2023ರಲ್ಲಿ ತೀರಿತ್ತು. ಅವಧಿ ಮುಗಿದು ವರ್ಷ ದಾಟಿದರೆ ಈಗಿನ ಕಾಯದೆಯಂತೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಎಪ್ಪತ್ತೊಂದರ ಹರೆಯದಲ್ಲಿ ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತೆ. ಗಾಡಿ ಹೊರಳಿಸುವ ಮುನ್ನ ಕತ್ತು ತಿರುಗಿಸಿ ಹೆಗಲ ಮೇಲಿಂದ ಹಿಂದೆ ನೋಡಿದೆ. "ಯಾಕ್ರಿ ಅಜ್ಜಾರ, ಯಾರನ್ನ ಹುಡಕಾಕತ್ತೀರಿ?" ಎಂದರು ನಿರೀಕ್ಷಕರು. ಪಾಸು ಮಾಡಿದರು.

ಹೆಂಡತಿಗೆ ಮೊಮ್ಮಗಳನ್ನು ಬಿಟ್ಟಿರಲು ಆಗದು, ನನಗೆ ಆ ಎರಡು ಗುಂಟೆಯನ್ನು ಬಿಟ್ಟಿರಲು ಆಗದು. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಹಿತ್ತಲಿನಲ್ಲಿ ಹೂಳುವಂತಿಲ್ಲ, ನಿಗದಿಯಾದ ರುದ್ರಭೂಮಿಯೇ ಆಗಬೇಕು. ದೇಹವನ್ನು ಭಾರತಕ್ಕೆ ಕಳಿಸುವುದಾದರೆ ಮರಣಪತ್ರ, ದೇಹವನ್ನು ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ದೂತಾವಾಸದ ನಿರಾಕ್ಷೇಪಣೆ ಬೇಕು. ಇವುಗಳ ಪಟ್ಟಿಯನ್ನು ಬರೆದು ನಕ್ಷೆಯೊಡನೆ ಫೈಲಿನಲ್ಲಿಟ್ಟೆ. ಕಳೆದ ತಿಂಗಳು ಮಗನನ್ನು ರೈಲು ನಿಲ್ದಾಣಕ್ಕೆ ಬಿಡಲು ಹೋಗುವಾಗ ಅವನು ಕೇಳಿದ: "ಅಪ್ಪಾ, ಆ ಫೈಲು ನೋಡಿದೆ. ಅದೆಲ್ಲಾ ನಾನ ಮಾಡ್ಬೇಕೇನು?"

"ಆದರೆ ಮಾಡು. ಆಗದಿದ್ದರ ಇಲ್ಲೇ ಮಣ್ಣು ಕೊಡು. ಮೂಲೆಯಂತೂ ಅದ" ಎಂದೆ. ಅವನು ಏನೂ ಹೇಳಲಿಲ್ಲ. ಇಳಿಯುವಾಗ ನನ್ನ ಹೆಗಲನ್ನೊಮ್ಮೆ ಹಿಡಿದು ಬಿಟ್ಟ.

ಬರುವ ನವೆಂಬರಿಗೆ ಧಾರವಾಡಕ್ಕೆ ಟಿಕೆಟ್ಟು ತೆಗೆಸಿದ್ದೇವೆ. ಹೆಂಡತಿ ಮೊಮ್ಮಗಳ ಶಾಲೆಯ ರಜೆಗಳನ್ನು ನೋಡಿ ಮರಳುವ ದಿನವನ್ನು ಗೊತ್ತು ಮಾಡಿದ್ದಾಳೆ. ಮಾರ್ಚ್ ತಿಂಗಳಿನ ಎರಡನೆಯ ವಾರ.